ವೆಲಾತ್ ಮತ್ತು ವಿಲಾಯತಿ: ನೆಲೆ ತಪ್ಪಿದ ಕುರ್ದರ ಭಾಷೆ

ಕುರ್ದರು ತಾಯ್ನಾಡನ್ನು ‘ವೆಲಾತ್’ ಎನ್ನುತ್ತಾರೆ. ಅರಬ್ಬಿಯ ‘ವಿಲಾಯತ್’ ಅದರ ಮೂಲ. ಅದೇ ಮಾತು ಪಾರಸಿಯ ದಾರಿ ಹಿಡಿದು ಕನ್ನಡಕ್ಕೆ ಬರುವ ಹೊತ್ತಿಗೆ ‘ವಿಲಾಯತಿ’ ಆಗಿ, ಕಡಲಾಚೆಯ ಪರದೇಶದ್ದು ಎಂಬ ಅರ್ಥ ಹೊತ್ತುಕೊಂಡಿತು. ಅವರ ‘ಖೆರೀಬ್’ ಎಂದರೆ ಪರಸ್ಥಳದವನು, ತನ್ನವರಿಲ್ಲದ ಊರಿನಲ್ಲಿ ಬದುಕುವವನು. ನಮ್ಮಲ್ಲಿ ಅದೇ ‘ಗರೀಬ’ ಬಡವನಾದ. ಊರು ಬಿಟ್ಟ ಪದಗಳು ಹೊಸ ಜಾಗದಲ್ಲಿ ಹೊಸ ಕೆಲಸ ಹಿಡಿಯುತ್ತವೆ, ಕೆಲವೊಮ್ಮೆ ತಲೆಕೆಳಗಾಗಿಯೇ ನಿಲ್ಲುತ್ತವೆ. ಒಂದು ಪದಕ್ಕೆ ಆದದ್ದು ಒಂದಿಡೀ ಭಾಷೆಗೂ ಆಗಬಲ್ಲದು ಎಂಬುದೇ ಈ ಉಪನ್ಯಾಸದ ವಾದ. ನೆಲೆ ತಪ್ಪಿದ ಜನರ ಭಾಷೆ ಸಾಯುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕುರ್ದರ ಚರಿತ್ರೆಯನ್ನು ತಾಳ್ಮೆಯಿಂದ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಸ್ಥಳಾಂತರ ಅಲ್ಲಿ ಭಾಷೆಯ ಕೆಲಸವನ್ನು ಬದಲಿಸಿದೆ. ನಿನ್ನೆಯವರೆಗೆ ಬಳಕೆಯಾಗಿದ್ದದ್ದು ಇಂದು ಗುರುತಾಗಿದೆ. ಬಳಕೆ ತಗ್ಗಿದಷ್ಟೂ ಗುರುತು ಗಟ್ಟಿಯಾಗುವ ವಿಚಿತ್ರ ಲೆಕ್ಕವೊಂದು ಈ ಜನರ ನಡುವೆ ನೂರು ವರ್ಷದಿಂದ ನಡೆಯುತ್ತಿದೆ. ಲಾಭವೂ ನಷ್ಟವೂ ಅದೇ ಲೆಕ್ಕದ ಪುಸ್ತಕದಲ್ಲಿವೆ.

ಹಿನ್ನೆಲೆಯನ್ನು ಬೇಗ ಮುಗಿಸೋಣ. ಕುರ್ದರು 3ರಿಂದ 4 ಕೋಟಿ ಇರಬಹುದೆಂಬ ಅಂದಾಜಿದೆ. ಟರ್ಕಿ, ಇರಾನ್, ಇರಾಕ್, ಸಿರಿಯಾ ಈ ನಾಲ್ಕು ದೇಶಗಳಲ್ಲಿ ಅವರ ನೆಲ ಹಂಚಿಹೋಗಿದೆ. 1920ರ ಸೆವ್ರ್ ಒಪ್ಪಂದದಲ್ಲಿ ಕುರ್ದರಿಗೊಂದು ನಾಡು ಸಿಗಬಹುದೆಂಬ ಮಾತಿತ್ತು, 1923ರ ಲೊಸಾನ್ ಒಪ್ಪಂದದಲ್ಲಿ ಅದು ಅಳಿಸಿಹೋಯಿತು. ಅವರ ಭಾಷೆ ಪಾರಸಿಯ ದಾಯಾದಿ; ಉತ್ತರದಲ್ಲಿ ಕುರ್ಮಾಂಜಿ, ನಡುವೆ ಸೊರಾನಿ, ಇನ್ನೂ ಕೆಳಗೆ ದಕ್ಷಿಣದ ಕುರ್ದಿ. ಝಾಝಾಕಿ ಮತ್ತು ಗೊರಾನಿಗಳನ್ನು ಈ ಮನೆಯೊಳಗೆ ಕೂರಿಸಬೇಕೋ ಜಗಲಿಯಲ್ಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಸೊರಾನಿಯನ್ನು ಅರಬ್ಬಿ ಲಿಪಿಯಲ್ಲೂ ಕುರ್ಮಾಂಜಿಯನ್ನು ಬಹುಮಟ್ಟಿಗೆ ಲ್ಯಾಟಿನ್ ಲಿಪಿಯಲ್ಲೂ ಬರೆಯುತ್ತಾರೆ. ಸೋವಿಯತ್ ನಾಡಿನ ಕುರ್ದರು ಸಿರಿಲಿಕ್‌ನಲ್ಲೂ ಬರೆದದ್ದುಂಟು. ಕೊಂಕಣಿಯನ್ನು ಐದು ಲಿಪಿಗಳಲ್ಲಿ ಕಂಡಿರುವ ನಮ್ಮ ಕರಾವಳಿಯವರಿಗೆ ಇದರ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಥಳಾಂತರವೇ ಭಾಷೆಯನ್ನು ಕೊಲ್ಲುವುದಾದರೆ ಮೊದಲು ಸಾಯಬೇಕಾಗಿದ್ದದ್ದು ಖೊರಾಸಾನದ ಕುರ್ಮಾಂಜಿ. ಉಜ್ಬೆಕರ ದಾಳಿಯಿಂದ ಇರಾನಿನ ಈಶಾನ್ಯದ ಗಡಿಯನ್ನು ಕಾಯಲೆಂದು ಷಾ ಅಬ್ಬಾಸನ ಕಾಲದಲ್ಲಿ ಕುರ್ದ ಕುಲಗಳನ್ನು ಪಶ್ಚಿಮದ ಬೆಟ್ಟಗಳಿಂದ ಕಿತ್ತು ಆ ಮೂಲೆಗೆ ಕಳಿಸಲಾಯಿತು. ನಾಲ್ಕು ಶತಮಾನ ಕಳೆದಿದೆ. ಕೂಚಾನ್, ಶಿರ್ವಾನ್, ಬೊಜ್ನೂರ್ದ್ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕುರ್ಮಾಂಜಿ ಕೇಳಿಸುತ್ತದೆ. ಸುತ್ತ ಪಾರಸಿ, ತುರ್ಕಿ, ತುರ್ಕ್‌ಮೆನ್. ನಡುವೆ ಈ ನಡುಗಡ್ಡೆ. ಟರ್ಕಿಯ ಒಳನಾಡಿನಲ್ಲಿ, ಅಂಕಾರಾದ ದಕ್ಷಿಣಕ್ಕೆ ಹಾಯ್ಮನಾ, ಜಿಹಾನ್‌ಬೆಯ್ಲಿಗಳ ಬಯಲಿನಲ್ಲಿ ಶತಮಾನಗಳ ಹಿಂದೆ ನೆಲೆನಿಂತ ಕುರ್ದರದೂ ಇದೇ ಕಥೆ. ಇವರು ಉಳಿಸಿಕೊಂಡದ್ದು ಹೇಗೆ? ಭಾಷಾಭಿಮಾನದಿಂದಲ್ಲ, ಆ ಮಾತೇ ಅವರಿಗೆ ಗೊತ್ತಿರಲಿಲ್ಲ. ಅವರು ಹೋದದ್ದು ಕುಲ ಸಮೇತ, ಕುರಿ ಸಮೇತ. ಹೆಣ್ಣು ಕೊಡುವುದು, ತರುವುದು, ಕುರಿ ಮೇಯಿಸುವುದು, ಜಗಳವಾಡುವುದು, ನ್ಯಾಯ ತೀರಿಸುವುದು ಎಲ್ಲವೂ ತಮ್ಮೊಳಗೇ ನಡೆಯುತ್ತಿತ್ತು. ಭಾಷೆಗೆ ಮಾಡಲು ಕೆಲಸವಿತ್ತು, ಆದ್ದರಿಂದ ಅದು ಉಳಿಯಿತು.

ಈ ಗುಟ್ಟು ಭಾಷಾವಿಜ್ಞಾನಿಗಳಿಗಿಂತ ಮೊದಲು ಆಡಳಿತಗಾರರಿಗೆ ತಿಳಿದಿತ್ತು. 1934ರಲ್ಲಿ ಟರ್ಕಿ ಜಾರಿಗೆ ತಂದ 2510ನೆಯ ಸಂಖ್ಯೆಯ ವಸತಿ ಕಾನೂನನ್ನು ಓದಿದರೆ ಅದು ಸ್ಪಷ್ಟವಾಗುತ್ತದೆ. ಟರ್ಕಿಶ್ ಮಾತೃಭಾಷೆಯಲ್ಲದವರನ್ನು ಬೇರೆಡೆಗೆ ಸಾಗಿಸುವುದಷ್ಟೇ ಅದರ ಉದ್ದೇಶವಾಗಿರಲಿಲ್ಲ. ಹಾಗೆ ಬಂದವರು ಹೊಸ ಜಾಗದಲ್ಲಿ ತಮ್ಮದೇ ಹಳ್ಳಿ, ಕೇರಿ, ಕಸುಬುದಾರರ ಗುಂಪು ಕಟ್ಟಿಕೊಳ್ಳುವುದನ್ನೂ ಅದು ತಡೆಯಿತು. ಒಟ್ಟಾಗಿ ಹೋದವರ ಭಾಷೆ ಉಳಿಯುತ್ತದೆ, ಚದುರಿಸಿದರೆ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಆ ಕಾನೂನಿನ ಒಡಲಲ್ಲಿದೆ. ಮೂರು ವರ್ಷದ ನಂತರ, 1937 ಮತ್ತು 38ರಲ್ಲಿ, ಪೂರ್ವ ಟರ್ಕಿಯ ದೆರ್ಸಿಮಿನಲ್ಲಿ ಸೇನೆಯ ಕಗ್ಗೊಲೆ ನಡೆದು ಉಳಿದವರು ಪಶ್ಚಿಮ ಟರ್ಕಿಗೆ ಚದುರಿಹೋದರು. ಆ ನಾಡಿನ ಹೆಸರನ್ನೂ ಸರ್ಕಾರ ಅದಕ್ಕೆ ಮೊದಲೇ ತುಂಜೆಲಿ ಎಂದು ಬದಲಿಸಿತ್ತು. ಹೆಸರು ಮೊದಲು ಹೋಯಿತು, ಜನ ಆಮೇಲೆ.

ಚದುರಿಸುವ ಈ ಕೆಲಸದ ದೊಡ್ಡ ಅಧ್ಯಾಯ 1990ರ ದಶಕದ್ದು. ಟರ್ಕಿ ಸೇನೆ ಮತ್ತು ಸಶಸ್ತ್ರ ಕುರ್ದ ಸಂಘಟನೆಯಾದ ಪಿಕೆಕೆ ನಡುವಿನ ಯುದ್ಧದಲ್ಲಿ ಆಗ್ನೇಯದ ಹಳ್ಳಿಗಳು ಖಾಲಿಯಾದವು, ಹಲವು ಸುಟ್ಟುಹೋದವು. ಸಂಸತ್ತಿನ ಸಮಿತಿಯೊಂದು 1998ರಲ್ಲಿ ಕೊಟ್ಟ, ನೆಲೆ ತಪ್ಪಿದವರ ಲೆಕ್ಕ 3,78,335 ಮಂದಿ. ಹಾಜೆತ್ತೆಪೆ ವಿಶ್ವವಿದ್ಯಾಲಯ 2006ರಲ್ಲಿ ಮಾಡಿದ ಅಂದಾಜು ಸುಮಾರು ಒಂಬತ್ತೂವರೆ ಲಕ್ಷದಿಂದ ಹನ್ನೆರಡು ಲಕ್ಷ. ಎರಡು ಲೆಕ್ಕಗಳ ನಡುವಿನ ಅಂತರವೇ ಒಂದು ಸಾಕ್ಷ್ಯ. ಇವರಿಗೆ ಖೊರಾಸಾನದವರ ಹಾಗೆ ಕುರಿಯೂ ಇರಲಿಲ್ಲ, ಬಯಲೂ ಇರಲಿಲ್ಲ. ದಿಯಾರ್‌ಬಕಿರಿನ ಬಾಗ್ಲಾರ್, ಮೆರ್ಸಿನ್, ಅದನಾ, ಇಸ್ತಾಂಬುಲಿನ ತಾರ್ಲಾಬಾಶಿಯ ಇಕ್ಕಟ್ಟಿನ ಮನೆಗಳು ಅವರ ನೆಲೆಯಾದವು. ಟರ್ಕಿಶ್‌ನಲ್ಲಿ ಇಂಥ ಕೇರಿಗಳ ಮನೆಗೆ ‘ಗೆಜೆಕೊಂಡು’ ಎಂಬ ಹೆಸರಿದೆ, ರಾತ್ರೋರಾತ್ರಿ ಎದ್ದದ್ದು ಎಂದು ಅರ್ಥ. ಅಲ್ಲಿ ಅಪ್ಪನ ಕೂಲಿಯ ಭಾಷೆ ಟರ್ಕಿಶ್, ಮಕ್ಕಳ ಶಾಲೆಯ ಭಾಷೆ ಟರ್ಕಿಶ್, ಆಸ್ಪತ್ರೆಯ ಕಿಟಕಿಯ ಭಾಷೆ ಟರ್ಕಿಶ್. ಕುರ್ದಿಗೆ ಉಳಿದ ಕೆಲಸ ಒಂದೇ, ಟರ್ಕಿಶ್ ಬಾರದ ಅಮ್ಮನ ಜೊತೆ ಮಾತಾಡುವುದು. ಇಡೀ ಬದುಕಿನ ಭಾಷೆ ಅಡುಗೆಮನೆಗೆ ಸರಿಯಿತು. ಅಮ್ಮಂದಿರು ಮುದಿಯಾದಂತೆ ಆ ಕೆಲಸವೂ ಕಡಿಮೆಯಾಯಿತು.

ಇಲ್ಲಿ ಒಂದು ಕಾನೂನನ್ನೂ ಒಂದು ಸೆರೆಮನೆಯನ್ನೂ ನೆನೆಯಲೇಬೇಕು. 1983ರ 2932ನೆಯ ಕಾನೂನು, ಟರ್ಕಿ ಮಾನ್ಯ ಮಾಡಿದ ದೇಶಗಳ ಮೊದಲ ಅಧಿಕೃತ ಭಾಷೆಯಲ್ಲದ ಯಾವ ಭಾಷೆಯಲ್ಲೂ ವಿಚಾರ ಪ್ರಕಟಿಸಬಾರದೆಂದು ವಿಧಿಸಿತು. ಕುರ್ದಿಯ ಹೆಸರನ್ನೇ ಎತ್ತದೆ ಕುರ್ದಿಯನ್ನು ನಿಷೇಧಿಸಿದ ವಾಕ್ಯ ಅದು. ಇರಾಕಿನಲ್ಲಿ ಕುರ್ದಿಗೆ ಮಾನ್ಯತೆ ಇತ್ತಲ್ಲ ಎಂದು ಯಾರಾದರೂ ಕೇಳಿಯಾರೆಂದೇ ಆ ‘ಮೊದಲ’ ಎಂಬ ವಿಶೇಷಣ. 1991ರಲ್ಲಿ ಕಾನೂನು ರದ್ದಾಯಿತು. 1980ರ ಸೇನಾ ಕ್ರಾಂತಿಯ ಬಳಿಕ ದಿಯಾರ್‌ಬಕಿರಿನ ಸೇನಾ ಸೆರೆಮನೆಯಲ್ಲಿ ಮಕ್ಕಳನ್ನು ನೋಡಲು ಬಂದ ತಾಯಂದಿರು ಕುರ್ದಿ ಆಡುವಂತಿರಲಿಲ್ಲ. ಟರ್ಕಿಶ್ ಬಾರದವರು ‘ಹೇಗಿದ್ದೀಯ’ ಎಂಬ ಒಂದೇ ಮಾತು ಬಾಯಿಪಾಠ ಮಾಡಿಕೊಂಡು ಬಂದು, ಭೇಟಿಯ ಸಮಯವೆಲ್ಲ ಅದನ್ನೇ ಬೇರೆಬೇರೆ ದನಿಯಲ್ಲಿ ಹೇಳಿ ಹೋದ ನೆನಪುಗಳು ಆ ಸೆರೆಮನೆಯ ಕಥನಗಳಲ್ಲಿ ದಾಖಲಾಗಿವೆ. ಭಾಷೆಯನ್ನು ಕಸಿದುಕೊಂಡಾಗ ಸ್ವರವೊಂದು ಉಳಿಯಿತು ಎಂದು ಇದನ್ನು ಕಾವ್ಯ ಮಾಡುವ ಆಸೆ ಬರಬಹುದು. ಬೇಡ. ಅಲ್ಲಿ ಉಳಿದದ್ದು ಭಯ. ಆ ಭಯವೇ ಎಷ್ಟೋ ತಂದೆತಾಯಿಗಳನ್ನು ಮಕ್ಕಳ ಜೊತೆ ತಪ್ಪುತಪ್ಪು ಟರ್ಕಿಶ್‌ನಲ್ಲಿ ಮಾತಾಡುವಂತೆ ಮಾಡಿತು.

ಈಗ ಲೆಕ್ಕದ ಪುಸ್ತಕದ ಇನ್ನೊಂದು ಪುಟ. ಮನೆಯಲ್ಲಿ ಮಾತು ಬತ್ತುತ್ತಿದ್ದ ಅದೇ ನೂರು ವರ್ಷದಲ್ಲಿ ಕುರ್ದಿಯ ಬರಹ ಚಿಗುರಿತು, ಅದೂ ಬಹುಪಾಲು ಮನೆಯಿಂದಾಚೆಗೆ. ಮೊದಲ ಕುರ್ದಿ ಪತ್ರಿಕೆ ‘ಕುರ್ದಿಸ್ತಾನ್’ 1898ರ ಏಪ್ರಿಲ್ 22ರಂದು ಕೈರೋದಲ್ಲಿ ಹುಟ್ಟಿತು. ಆಮೇಲೆ ಜಿನೀವಾ, ಲಂಡನ್, ಫೋಕ್‌ಸ್ಟನ್ ಎಂದು ಅಲೆಯಿತು. ಅದನ್ನು ಹೊರಡಿಸಿದ್ದು ಬೆದಿರ್‌ಖಾನ್ ಮನೆತನ, 1847ರಲ್ಲಿ ಸೋತು ಕ್ರೀಟ್ ದ್ವೀಪಕ್ಕೆ ಗಡೀಪಾರಾದ ಬೊತಾನಿನ ಅರಸರ ಕುಡಿಗಳು. ಅದೇ ಮನೆತನದ ಜೆಲಾದೆತ್ ಅಲಿ ಬೆದಿರ್‌ಖಾನ್ 1932ರ ಮೇ 15ರಂದು ಫ್ರೆಂಚರ ಆಳ್ವಿಕೆಯ ದಮಾಸ್ಕಸ್‌ನಲ್ಲಿ ‘ಹಾವಾರ್’ ಎಂಬ ಪತ್ರಿಕೆ ಆರಂಭಿಸಿದ. ಹಾವಾರ್ ಎಂದರೆ ಮೊರೆ, ನೆರವಿಗೆ ಬನ್ನಿ ಎಂಬ ಕೂಗು. 1943ರವರೆಗೆ 57 ಸಂಚಿಕೆ ಬಂತು. ಇಂದು ಕುರ್ಮಾಂಜಿ ಬರೆಯುವವರಲ್ಲಿ ಹೆಚ್ಚಿನವರು ಬಳಸುವ ಲ್ಯಾಟಿನ್ ಅಕ್ಷರಮಾಲೆ ಅದರ ಪುಟಗಳಲ್ಲಿ ಗಟ್ಟಿಯಾಯಿತು. ಮೇ 15 ಈಗ ಕುರ್ದಿ ಭಾಷಾ ದಿನ. ಇತ್ತ ಸೋವಿಯತ್ ಆರ್ಮೇನಿಯಾದ ಯೆರೆವಾನಿನಲ್ಲಿ ಎರೆಬ್ ಶೆಮೋ, ಅಸಿರಿಯನ್ ಮರೊಗುಲೊವ್ ಜೊತೆಗೂಡಿ 1929ರಲ್ಲಿ ಇನ್ನೊಂದು ಲ್ಯಾಟಿನ್ ವರ್ಣಮಾಲೆ ರೂಪಿಸಿದ. 1930ರಲ್ಲಿ ‘ರಿಯಾ ತೆಜೆ’ ಪತ್ರಿಕೆ ಬಂತು. 1935ರಲ್ಲಿ ಶೆಮೋ ಬರೆದ ಕುರುಬನ ಕಥೆಯನ್ನು ಕುರ್ದಿಯ ಮೊದಲ ಕಾದಂಬರಿ ಎನ್ನುತ್ತಾರೆ. 1955ರಿಂದ ಯೆರೆವಾನ್ ರೇಡಿಯೊ ಕುರ್ದಿಯಲ್ಲಿ ಮಾತಾಡಿತು. ಗಡಿಯಾಚೆಯ ಟರ್ಕಿಯಲ್ಲಿ ಜನ ಬಾಗಿಲು ಹಾಕಿಕೊಂಡು ಕೇಳಿದರು. ಅಲ್ಲಿ ಹಾಡುತ್ತಿದ್ದವರಲ್ಲಿ ಪ್ರಸಿದ್ಧನಾದವ ಕರಪೇತೆ ಖಾಚೊ, 1915ರ ಹತ್ಯಾಕಾಂಡದಲ್ಲಿ ಅನಾಥನಾದ ಆರ್ಮೇನಿಯನ್. ಅವನ ಕಥೆಗೆ ಮತ್ತೆ ಬರುತ್ತೇನೆ.

ಮೂರನೆಯ ಅಕ್ಷರಕೇಂದ್ರ ಸ್ಟಾಕ್‌ಹೋಮ್. 1970ರ ದಶಕದಿಂದ ಸ್ವೀಡನ್‌ಗೆ ಹೋದವರಲ್ಲಿ ಓದಿದವರು, ರಾಜಕೀಯ ಆಶ್ರಿತರು ಹೆಚ್ಚು. ವಲಸಿಗರ ಮಕ್ಕಳಿಗೆ ಮನೆಮಾತನ್ನು ಕಲಿಸುವ ಹೊಣೆಯನ್ನು ಆ ದೇಶ 1977ರ ಸುಧಾರಣೆಯಲ್ಲಿ ಶಾಲೆಗಳ ಮೇಲೆ ಹೊರಿಸಿತು. ಕಲಿಸಬೇಕೆಂದರೆ ಪುಸ್ತಕ ಬೇಕು, ಪುಸ್ತಕಕ್ಕೆ ಬರೆಯುವವರು ಬೇಕು. ಅದೇ 1977ರಲ್ಲಿ ಅಲ್ಲಿಗೆ ಹೋದ ಮೆಹ್ಮದ್ ಉಜುನ್ 1985ರಲ್ಲಿ ‘ತು’, ಅಂದರೆ ‘ನೀನು’, ಎಂಬ ಕಾದಂಬರಿ ಪ್ರಕಟಿಸಿ ಆಧುನಿಕ ಕುರ್ಮಾಂಜಿ ಗದ್ಯಕ್ಕೆ ಬುನಾದಿ ಹಾಕಿದ. ಕುರ್ದಿ ಓದುಬರಹವನ್ನು ಅವನು ಕಲಿತದ್ದು ಟರ್ಕಿಯ ಸೆರೆಮನೆಯಲ್ಲಿ, ಹಿರಿಯ ಲೇಖಕ ಮೂಸಾ ಅಂತೇರ್ ಬಳಿ. ಶಾಲೆ ಕೊಡದ್ದನ್ನು ಜೈಲು ಕೊಟ್ಟಿತು, ನಾಡು ಕೊಡದ್ದನ್ನು ಪರನಾಡು. ಫಿರಾತ್ ಜೆವೆರಿಯ ‘ನೂದೆಮ್’ ಪತ್ರಿಕೆ ಸ್ಟಾಕ್‌ಹೋಮಿನಲ್ಲಿ 1992ರಿಂದ 2001ರವರೆಗೆ ನಡೆಯಿತು. ಜರ್ಮನಿಯದು ಬೇರೆ ದಾರಿ. 1961ರ ಕಾರ್ಮಿಕ ಒಪ್ಪಂದದ ಮೇಲೆ ಹೋದ ಕುರ್ದರು ಕಡತಗಳಲ್ಲಿ ತುರ್ಕರು. ‘ಮಾತೃಭಾಷೆ’ ಎಂದು ಅವರ ಮಕ್ಕಳಿಗೆ ಸಿಕ್ಕಿದ್ದು ಹೆಚ್ಚಾಗಿ ಟರ್ಕಿಶ್ ಪಾಠ. ಅಲ್ಲಿ ಕುರ್ದರ ಸಂಖ್ಯೆ ಸ್ವೀಡನ್ನಿಗಿಂತ ಎಷ್ಟೋ ಪಾಲು ಹೆಚ್ಚು, ಆದರೆ ಸಾಹಿತ್ಯದ ಫಸಲು ಬಂದದ್ದು ಸ್ವೀಡನ್ನಿನಲ್ಲಿ. ಜನಸಂಖ್ಯೆಯಿಂದಲೇ ಭಾಷೆ ಉಳಿಯುತ್ತದೆ ಎನ್ನುವವರು ಈ ಎರಡು ದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇದರಲ್ಲೇ ನನ್ನ ವಾದಕ್ಕೆ ಬಲ ಕೊಡುವ ಒಂದು ಸಣ್ಣ ಸಂಗತಿಯಿದೆ. ಹಾಯ್ಮನಾ, ಜಿಹಾನ್‌ಬೆಯ್ಲಿ ಬಯಲಿನ ಕುರ್ದರು ಶತಮಾನಗಟ್ಟಲೆ ಯಾವ ಪತ್ರಿಕೆಯೂ ಇಲ್ಲದೆ ಭಾಷೆ ಉಳಿಸಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳು ಯುರೋಪಿಗೆ ಹೋದ ಮೇಲೆ 1997ರಲ್ಲಿ ಸ್ವೀಡನ್ನಿನಿಂದ ಪತ್ರಿಕೆ ಹೊರಡಿಸಿದರು. ಅದರ ಹೆಸರು ‘ಬೀರ್‌ನೆಬೂನ್’, ಮರೆಯದಿರುವುದು. ಭಾಷೆ ಬಳಕೆಯಲ್ಲಿರುವ ತನಕ ಮರೆವಿನ ಪ್ರಶ್ನೆಯೇ ಏಳುವುದಿಲ್ಲ; ಉಸಿರಾಡುವುದನ್ನು ಯಾರೂ ಜ್ಞಾಪಿಸಿಕೊಳ್ಳುವುದಿಲ್ಲ. ಮರೆಯಬಾರದು ಎಂದು ಹೆಸರಿಡುವ ಹೊತ್ತಿಗೆ ಭಾಷೆ ಇನ್ನೊಂದು ದಡಕ್ಕೆ ದಾಟಿರುತ್ತದೆ. ಅಕ್ಷರಗಳಿಗೂ ಹೀಗೇ ಆಯಿತು. ಟರ್ಕಿಶ್ ವರ್ಣಮಾಲೆಯಲ್ಲಿಲ್ಲದ ಕ್ಯೂ, ಡಬ್ಲ್ಯೂ, ಎಕ್ಸ್ ಕುರ್ದಿಯಲ್ಲಿವೆ. ವಸಂತದ ಹಬ್ಬವನ್ನು ಕುರ್ದರು ಡಬ್ಲ್ಯೂ ಹಾಕಿ ಬರೆಯುತ್ತಾರೆ, ಸರ್ಕಾರ ವಿ ಹಾಕಿ. ಹಬ್ಬ ಒಂದೇ; ಒಂದು ಅಕ್ಷರದ ಮೇಲೆ ಮೊಕದ್ದಮೆಗಳು ನಡೆದವು. 2013ರಲ್ಲಿ ಆ ಮೂರು ಅಕ್ಷರಗಳ ಮೇಲಿನ ನಿರ್ಬಂಧ ಸಡಿಲವಾಯಿತು. ಕುರ್ದಿಯಲ್ಲಿ ಒಂದು ಪುಟ ಓದಲಾರದ ತರುಣರೂ ಆ ಅಕ್ಷರವನ್ನು ಗೋಡೆಯ ಮೇಲೆ ಬರೆದಿದ್ದಾರೆ. ಗುರುತಾದ ಭಾಷೆ ಎಂದರೆ ಇದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಒಂದೇ ಅಲ್ಲದ ಭಾಷೆಯೊಂದು ಗುರುತಾಗುವುದಾದರೂ ಹೇಗೆ? ಕುರ್ಮಾಂಜಿಯವರಿಗೂ ಸೊರಾನಿಯವರಿಗೂ ಸಲೀಸಾಗಿ ಮಾತು ಸಾಗುವುದಿಲ್ಲ. ಝಾಝಾಕಿಯಂತೂ ಇನ್ನೂ ದೂರ. ಆದರೂ 1925ರ ಕುರ್ದ ಬಂಡಾಯದ ನಾಯಕ ಶೇಖ್ ಸಯೀದ್, ದೆರ್ಸಿಮಿನ ಸೆಯಿದ್ ರಿಜಾ ಇಬ್ಬರೂ ಝಾಝಾ ಮಾತಿನವರು. ಆಕ್ಷೇಪ ನಿಜವೇ. ಆದರೆ ಬಳಕೆಯ ಭಾಷೆಗೆ ಏಕರೂಪ ಬೇಕಿಲ್ಲ, ಗುರುತಿನ ಭಾಷೆಗೆ ಬೇಕು. ಈ ಜಗಳ ಎಲ್ಲಿ ಕಾವೇರಿತೆಂದು ನೋಡಿದರೆ ಅದು ನನ್ನ ವಾದವನ್ನೇ ಪುಷ್ಟಿಗೊಳಿಸುತ್ತದೆ. ಝಾಝಾಗಳು ಬೇರೆಯೇ ಜನ ಎಂಬ ವಾದ 1980ರ ದಶಕದಲ್ಲಿ ಯುರೋಪಿನ ವಲಸಿಗರ ನಡುವೆ, ಎಬುಬೆಕಿರ್ ಪಾಮುಕ್ಚು ಹೊರಡಿಸಿದ ಪತ್ರಿಕೆಗಳಲ್ಲಿ ಬಲವಾಯಿತು. ಝಾಝಾಕಿ ಕುರ್ದಿಯೇ ಎಂದು ನಂಬಿ ಅದರ ಬರವಣಿಗೆಯನ್ನು ಒಪ್ಪಗೊಳಿಸಿದ ‘ವಾತೆ’ ಗುಂಪು ಸೇರಿದ್ದೂ ಸ್ವೀಡನ್ನಿನಲ್ಲೇ. ಹಳ್ಳಿಯಲ್ಲಿ ನೆರೆಹೊರೆಯಾಗಿದ್ದವರು ಸ್ಟಾಕ್‌ಹೋಮಿಗೆ ಹೋಗಿ ತಾವು ಒಂದೋ ಎರಡೋ ಎಂದು ವಾದಿಸಿದರು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಗುರುತಿಗೆ ಭಾಷೆ ಬೇಕೇ ಬೇಕೆಂದು ಯಾರು ಹೇಳಿದರು? ಕರಪೇತೆ ಖಾಚೊ ಬದುಕಿದ್ದು ಕುರ್ದಿ ಹಾಡಿನಲ್ಲಿ, ಕುರ್ದನಾಗಲಿಲ್ಲ. 1950-51ರಲ್ಲಿ ಇರಾಕಿನಿಂದ ಇಸ್ರೇಲಿಗೆ ಹೋದ ಯಹೂದಿಗಳಲ್ಲಿ ಕುರ್ದಿಸ್ತಾನದವರ ಮನೆಮಾತು ಅರಾಮಿಕ್. ಆದರೂ ಇಸ್ರೇಲಿನಲ್ಲಿ ಅವರನ್ನು ‘ಕುರ್ದರು’ ಎಂದೇ ಕರೆದರು, ಅವರೂ ಹಾಗೇ ಕರೆದುಕೊಂಡರು. ಆರ್ಮೇನಿಯಾದ ಯಜೀದಿ ಧರ್ಮೀಯರು ಆಡುವುದು ಕುರ್ಮಾಂಜಿ. ಹಲವರು ಅದನ್ನು ‘ಎಜ್ದಿಕಿ’ ಎಂದು ಕರೆದು ತಾವು ಕುರ್ದರಲ್ಲ ಎನ್ನುತ್ತಾರೆ. ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದಿಗೆ 2002ರಲ್ಲಿ ಒಪ್ಪಿಗೆ ಕೊಡುವಾಗ ಆರ್ಮೇನಿಯಾ ಯಜೀದಿ, ಕುರ್ದಿ ಎರಡನ್ನೂ ಬೇರೆಬೇರೆ ಭಾಷೆಗಳೆಂದು ಹೆಸರಿಸಿತು. ಇಸ್ತಾಂಬುಲಿನಲ್ಲಿ ಕುರ್ದಿ ಬಾರದ, ಆದರೆ ಕುರ್ದರೆಂದು ಎದೆತಟ್ಟಿ ಹೇಳುವ ಲಕ್ಷಾಂತರ ಜನರಿದ್ದಾರೆ. ಭಾಷೆಗೂ ಗುರುತಿಗೂ ಇರುವ ನಂಟು ಎರಕ ಹೊಯ್ದದ್ದಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಭಾಷೆ ಹೋದರೆ ಕುರ್ದತನ ಹೋಗುತ್ತದೆ ಎನ್ನುವುದು ನನ್ನ ಮಾತಲ್ಲ. ಭಾಷೆ ಹೋದ ಮೇಲೆ ಉಳಿಯುವ ಕುರ್ದತನ ಬೇರೆ ಬಗೆಯದು. ಅದಕ್ಕೆ ಎದುರಾಳಿ ಬೇಕು, ದಿನಾಚರಣೆ ಬೇಕು, ಬಾವುಟ ಬೇಕು, ‘ನೀನು ಯಾರು’ ಎಂದು ಕೇಳುವವರು ಬೇಕು. ಹಾಯ್ಮನಾದ ಕುರುಬನಿಗೆ ಇದಾವುದೂ ಬೇಕಿರಲಿಲ್ಲ. ಕಳೆದುಹೋಗುವ ಇನ್ನೊಂದು ಸಂಗತಿಯೂ ಇದೆ: ದೆಂಗ್‌ಬೇಜ್ ಎಂಬ ಹಾಡುಗಾರರು ಯುದ್ಧ, ಬರ, ಒಲವು, ಕುಲಗಳ ವೈರಗಳನ್ನು ಗಂಟೆಗಟ್ಟಲೆ ಬಾಯಿಯಲ್ಲೇ ಹೊತ್ತು ತಂದವರು. 2007ರಲ್ಲಿ ದಿಯಾರ್‌ಬಕಿರಿನಲ್ಲಿ ಅವರಿಗೊಂದು ಮನೆ ತೆರೆಯಿತು. ದನಿ ಕೇಳಿ ಕಣ್ಣೀರಾಗುವ ಮೊಮ್ಮಗನಿಗೆ ಕಥೆ ತಿಳಿಯದಿದ್ದರೆ, ಅವನಿಗೆ ಸಿಕ್ಕಿದ್ದು ಗುರುತು, ಸಿಗದೆ ಹೋದದ್ದು ಚರಿತ್ರೆ.

ಮೂರನೆಯವರು ಹೇಳುತ್ತಾರೆ: ಇದೆಲ್ಲ ನಗರದ ಕೆಲಸ, ಸರ್ಕಾರವನ್ನು ದೂರಿ ಫಲವಿಲ್ಲ, ಹಳ್ಳಿಯ ಮಾತು ಎಲ್ಲ ಪೇಟೆಗಳಲ್ಲೂ ಕರಗುತ್ತದೆ. ಕುರ್ಮಾಂಜಿಯಲ್ಲಿ ಪಟ್ಟಣಕ್ಕೆ ‘ಬಜಾರ್’ ಎಂದೇ ಹೆಸರು. ಪೇಟೆಯ ಸೆಳೆತ ಆ ಪದದಲ್ಲೇ ಇದೆ. ಆದರೆ ಇರಾಕಿನ ಸುಲೈಮಾನಿಯಾ ಕೂಡ ಪೇಟೆಯೇ. ಬ್ರಿಟಿಷರ ಕಾಲದ 1931ರ ಸ್ಥಳೀಯ ಭಾಷೆಗಳ ಕಾನೂನು ಅಲ್ಲಿನ ಶಾಲೆಗೂ ಕಚೇರಿಗೂ ಕುರ್ದಿಯನ್ನು ಬಿಟ್ಟುಕೊಟ್ಟಿತು, ಎಷ್ಟೇ ಅರೆಮನಸ್ಸಿನಿಂದಾದರೂ. 1988ರಲ್ಲಿ ಇರಾಕ್ ಸರ್ಕಾರ ಕುರ್ದರ ಮೇಲೆ ನಡೆಸಿದ ಅನ್ಫಾಲ್ ಕಾರ್ಯಾಚರಣೆಯಲ್ಲಿ ಸಾವಿರಾರು ಹಳ್ಳಿಗಳು ನೆಲಸಮವಾಗಿ ಜನ ಪಟ್ಟಣದಂಚಿನ ಶಿಬಿರಗಳಿಗೆ ಬಿದ್ದರು. ಕ್ರೌರ್ಯದಲ್ಲಿ ಅದು ಟರ್ಕಿಯಲ್ಲಿ ನಡೆದದ್ದಕ್ಕಿಂತ ಭೀಕರ. ಆದರೆ ಆ ನಿರಾಶ್ರಿತರ ಮಕ್ಕಳು ಕುರ್ದಿ ಮರೆಯಲಿಲ್ಲ, ಯಾಕೆಂದರೆ ಅವರು ಸೇರಿದ ಪೇಟೆಯಲ್ಲಿ ಅಂಗಡಿ, ಶಾಲೆ, ಪತ್ರಿಕೆಗಳ ಭಾಷೆ ಕುರ್ದಿಯಾಗಿತ್ತು. 2005ರ ಸಂವಿಧಾನದಲ್ಲಿ ಅದು ಅರಬ್ಬಿಯ ಜೊತೆ ಇರಾಕಿನ ಅಧಿಕೃತ ಭಾಷೆ. ಪೇಟೆಗೆ ತನ್ನದೇ ಆದ ಭಾಷಾದ್ವೇಷವಿಲ್ಲ. ಯಾವ ಭಾಷೆಗೆ ಸಂಬಳ ಸಿಗುತ್ತದೋ ಅದನ್ನು ಅದು ಆಡುತ್ತದೆ.

ಹಾಗೆಂದು ಕುರ್ದರ ನಡುವೆಯೇ ಹೋಗಿ ಸೇರಿದರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. 2012ರಿಂದ ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುರ್ದರು ಇರಾಕಿನ ದುಹೋಕ್ ಬಳಿಯ ದೊಮೀಜ್ ಶಿಬಿರ ಸೇರಿದರು. ಎರಡೂ ಕಡೆಯವರ ಮಾತು ಕುರ್ಮಾಂಜಿಯ ಬಗೆಗಳೇ. ಆದರೆ ಸಿರಿಯಾದ ಮಕ್ಕಳು ಶಾಲೆಯಲ್ಲಿ ಓದಿದ್ದು ಅರಬ್ಬಿ ಭಾಷೆಯನ್ನು. ಕುರ್ದಿಯನ್ನು ಅವರ ಕಡೆ ಬರೆಯುವುದು ಹಾವಾರಿನ ಲ್ಯಾಟಿನ್ ಅಕ್ಷರದಲ್ಲಿ. ಇಲ್ಲಿಯ ಶಾಲೆಯ ಕುರ್ದಿ ಇರುವುದು ಅರಬ್ಬಿ ಲಿಪಿಯಲ್ಲಿ. ಎರ್ಬಿಲ್ ತನಕ ಹೋದವರಿಗೆ ಸೊರಾನಿ ಎದುರಾಯಿತು. ತಮ್ಮದೇ ಭಾಷೆಯ ಹೆಸರಿನ ಕೆಳಗೆ ಅವರು ಖೆರೀಬರಾದರು.

ಟರ್ಕಿಯಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2009ರ ಜನವರಿ 1ರಿಂದ ಸರ್ಕಾರಿ ದೂರದರ್ಶನಕ್ಕೆ ಇಡೀ ದಿನದ ಕುರ್ದಿ ವಾಹಿನಿಯಿದೆ. 2012ರಿಂದ ಐದನೆಯ ತರಗತಿ ಮತ್ತು ಅದರ ಮೇಲಿನ ಮಕ್ಕಳು ಕುರ್ದಿಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ವಾರಕ್ಕೆ ಎರಡು ಗಂಟೆ, ಕನಿಷ್ಠ 10 ಮಕ್ಕಳು ಕೇಳಿದರೆ, ಕಲಿಸುವವರು ಸಿಕ್ಕರೆ. ಪಠ್ಯಕ್ರಮದಲ್ಲಿ ಆ ವಿಷಯದ ಹೆಸರು ‘ಜೀವಂತ ಭಾಷೆಗಳು ಮತ್ತು ಉಪಭಾಷೆಗಳು’. ಕುರ್ಮಾಂಜಿಗೆ ಒಂದು ಆಯ್ಕೆ, ಝಾಝಾಕಿಗೆ ಇನ್ನೊಂದು. ಆಯ್ಕೆಯ ಅರ್ಜಿ ತುಂಬಿ ಸಹಿ ಹಾಕುವವರು 1990ರ ದಶಕದಲ್ಲಿ ಊರು ಬಿಟ್ಟು ಬಂದವರ ಮಕ್ಕಳು. ಅರ್ಜಿ ಟರ್ಕಿಶ್‌ನಲ್ಲಿರುತ್ತದೆ, ಅವರಿಗೆ ಓದಲು ಬರುವುದೂ ಅದೇ.